ಉಪ್ಪುಗಾಳಿ ಊರಿಗೆ ಘಟ್ಟದ ಮೇಲಿನ ಸ್ಕೂಟರ್

ಹಳೆ ಸ್ಕೂಟರ್ ತೆಗೆದುಕೊಳ್ಳುವವರು ಮೊದಲು ಮೀಟರ್ ನೋಡುತ್ತಾರೆ, ಆಮೇಲೆ ಮೈಲೇಜ್ ಕೇಳುತ್ತಾರೆ. ಕಾರವಾರದಲ್ಲಿ ಮೊದಲು ನೋಡಬೇಕಾದದ್ದು ಗಾಡಿಯ ಅಡಿಭಾಗ. ನಮ್ಮ ಕಡೆ ಗಾಡಿ ಓಡಿ ಹಾಳಾಗೋದಕ್ಕಿಂತ ತುಕ್ಕು ಹಿಡಿದು ಹಾಳಾಗೋದೇ ಜಾಸ್ತಿ. ಬೈತಖೋಲ್, ಕೋಡಿಬಾಗದ ಕಡೆ ಹೊರಗೇ ನಿಲ್ಲಿಸಿದ ಗಾಡಿಗಳನ್ನು ನೋಡಿ, ಮೇಲೆ ಪಾಲಿಶ್ ಫಳಫಳ, ಕೆಳಗೆ ಸೈಲೆನ್ಸರ್ ತೂತು.

ನಾನು ಒಂದು ಹಳೆ ಸ್ಕೂಟರ್ ಹುಡುಕುವಾಗ ಗೋವಾ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಸುಮಾರು ಜನ ಹೇಳಿದರು. ಸಿಗುತ್ತೆ, ನಿಜ. ಆದರೆ ಅಲ್ಲೂ ಅದೇ ಸಮುದ್ರ ಅಲ್ವಾ? ಅದರ ಮೇಲೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಮಾಡಿಸಬೇಕು. ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತೆ.

ಹಾಗಾಗಿ ಘಟ್ಟದ ಮೇಲೆ ಶಿರಸಿ ಕಡೆ ವಿಚಾರಿಸಿದೆ. ಅಲ್ಲೂ ಮಳೆ ಕಡಿಮೆಯೇನಲ್ಲ, ಆದರೆ ಗಾಳಿಯಲ್ಲಿ ಉಪ್ಪಿಲ್ಲ. ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ 2018ರ ಆಕ್ಟಿವಾ ಇತ್ತು, ಕೆಎ 31 ನಂಬರ್. ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಸರ್ ಅಂತ ಮೊದಲೇ ಫೋನಲ್ಲಿ ಹೇಳಿದ್ದೆ. ಬಿಸಿ ಎಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತೆ, ತಣ್ಣಗಿದ್ದಾಗಲೇ ಬಂಡವಾಳ ಗೊತ್ತಾಗೋದು. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರೀತಿದೆ ಅಂತ ಅರ್ಥ. ಬರಲಿಲ್ಲ.

ಆಮೇಲೆ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿ, ಕಾಲಿಡುವ ಜಾಗದ ಅಡಿಗೆ ಹಾಯುವ ಚಾಸಿಸ್ ಪೈಪಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಕುಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ. ತುಕ್ಕು ತಿಂದದ್ದು ಬದ್ ಅನ್ನುತ್ತೆ, ಹಪ್ಪಳದ ಹಾಗೆ ಚಕ್ಕೆ ಉದುರುತ್ತೆ. "ಎಷ್ಟ್ ಬೇಕಾದ್ರೂ ಬಗ್ಗಿ ನೋಡು ತಮಾ, ಚಾ ಆರ್ತಾ ಉಂಟು" ಅಂದರು ಮೇಷ್ಟ್ರು. ಪೈಪ್ ಚೆನ್ನಾಗಿತ್ತು. ಮುಂದಿನ ಚಕ್ರ ಮಾತ್ರ ಆಚೀಚೆ ಅಲ್ಲಾಡುತ್ತಿತ್ತು, ಅದರ ಸಸ್ಪೆನ್ಷನ್ನಿನ ಕೀಲಿನಲ್ಲಿರುವ ಲಿಂಕ್ ಬುಶ್ ಸವೆದಿತ್ತು. ಅದನ್ನು ತೋರಿಸಿ ಸ್ವಲ್ಪ ರೇಟ್ ಇಳಿಸಿ ತೆಗೆದುಕೊಂಡೆ.

ಕಾಗದಪತ್ರ ದೊಡ್ಡ ವಿಷಯವಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಗಾಡಿ ಮೇಲೆ ಸಾಲ ಇದೆ ಅಂತ, ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಓಸಿ ಸಿಗದೆ ದುಡ್ಡು ಕೊಡಬೇಡಿ. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು 30 ದಿನದೊಳಗೆ ಹೆಸರು ಬದಲಿಗೆ ಅರ್ಜಿ ಹಾಕಿ. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಮಾಡಿಸಿ.

ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಸುವಾಗ ಬ್ರೇಕಿನ ಪರೀಕ್ಷೆಯೂ ಆಯಿತು. ಗೇರ್ ಇಲ್ಲದ ಗಾಡಿಯಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟು ತೀರಾ ನಿಧಾನಕ್ಕೆ ಬಂದರೆ ಕ್ಲಚ್ ಬಿಟ್ಟುಕೊಳ್ಳುತ್ತೆ, ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ. ಒಂಚೂರು ಎಕ್ಸಲರೇಟರ್ ಕೊಟ್ಟರೆ ಮತ್ತೆ ಹಿಡಿಯುತ್ತೆ. ಬ್ರೇಕ್ ಒತ್ತಿಯೇ ಹಿಡಿಯಬೇಡಿ, ಡ್ರಮ್ ಬಿಸಿಯಾಗಿ ಕೊನೆಗೆ ಹಿಡಿಯೋದೇ ಇಲ್ಲ.

ಈಗ ನಿರ್ವಹಣೆ ಅಂದರೆ ಮುಖ್ಯವಾಗಿ ಉಪ್ಪಿನ ಜೊತೆ ಜಗಳ. ಬೀಚ್ ಕಡೆ ಹೋಗಿ ಬಂದರೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯುತ್ತೇನೆ. ಮಳೆಗಾಲಕ್ಕೆ ಮುಂಚೆ ಗ್ಯಾರೇಜಿನಿಂದ ಹಳೆ ಎಂಜಿನ್ ಆಯಿಲ್ ತಂದು ಚಾಸಿಸ್, ಸ್ಟ್ಯಾಂಡಿಗೆ ಬ್ರಶ್ಶಲ್ಲಿ ಹಚ್ಚುತ್ತೇನೆ. ಬ್ರೇಕ್, ಟಯರ್, ರಬ್ಬರಿಗೆ ತಾಗಬಾರದು. ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನ್ ಸಾಕು. ಕವರ್ ಹಾಕಿ ಮುಚ್ಚಿಡೋದು ನನಗೆ ಸರಿ ಕಾಣಲ್ಲ, ಒಳಗೆ ಬೆವರಿ ಇನ್ನೂ ಜಾಸ್ತಿ ತುಕ್ಕು ಹಿಡಿಯುತ್ತೆ. ಗಾಳಿ ಆಡುವ ಮಾಡಿನ ಕೆಳಗೆ ನಿಲ್ಲಿಸಿ.

ಗೇರಿನ ಬದಲು ಕೆಲಸ ಮಾಡುವ ಬೆಲ್ಟ್, ರೋಲರ್ ಒಮ್ಮೆ ಬಿಚ್ಚಿಸಿ ನೋಡಬೇಕು, ಏರಿನಲ್ಲಿ ಎಂಜಿನ್ ಕೂಗುವಷ್ಟು ಗಾಡಿ ಎಳೀತಾ ಇಲ್ಲ. ಗ್ಯಾರೇಜಿನ ಅಣ್ಣ ಚೌತಿ ಮುಗಿದ ಮೇಲೆ ಬಾ ಅಂದಿದ್ದಾನೆ.