ಅಂಗಳದಲ್ಲಿ ದಪ್ಪ ಸ್ಟ್ರಾಬೆರಿ: ಶೀಗಿ ಹುಣ್ಣಿಮೆಯಿಂದ ಹೋಳಿಯವರೆಗೆ

ಸ್ಟ್ರಾಬೆರಿ ಹಣ್ಣು ದಪ್ಪ ಆಗಲಿ ಅಂತ ಹೆಚ್ಚಿನವರು ಗೊಬ್ಬರ ಹಾಕುವುದು ಯಾವಾಗ? ಕಾಯಿ ಕಣ್ಣಿಗೆ ಬಿದ್ದ ಮೇಲೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಹಣ್ಣಿನ ಗಾತ್ರ ಬಹುಮಟ್ಟಿಗೆ ಹೂವಿನಲ್ಲೇ ತೀರ್ಮಾನವಾಗಿರುತ್ತದೆ. ಆ ಹೂವು ಎಂಥದ್ದಾಗುತ್ತದೆ ಅನ್ನುವುದು ಅದಕ್ಕೂ ಮೊದಲೇ, ಗಿಡ ಬೇರು ಬಿಡುವ ದಿನಗಳಲ್ಲಿ. ಬೆಳಗಾವಿಯ ನಮ್ಮ ಮನೆಯ ಹಿತ್ತಲಲ್ಲಿ ಮತ್ತು ಮಾಳಿಗೆಯ ಮೇಲೆ ನಾಲ್ಕು ಚಳಿಗಾಲ ಈ ಗಿಡದ ಜೊತೆ ಕಳೆದಿದ್ದೇನೆ. ಅಂಗಡಿಯ ಡಬ್ಬಿಯಲ್ಲಿ ಬರುವ ಹಣ್ಣಿಗಿಂತ ದಪ್ಪನೆಯ, ಅದಕ್ಕಿಂತ ಸಿಹಿಯಾದ ಹಣ್ಣನ್ನು ನಮ್ಮೂರಲ್ಲೇ ಬೆಳೆಯಬಹುದು. ಹೇಗೆ ಅನ್ನುವುದನ್ನು ಹಬ್ಬಗಳ ಲೆಕ್ಕದಲ್ಲೇ ಹೇಳುತ್ತೇನೆ, ನೆನಪಿಡಲು ಸುಲಭ.

ಮೊದಲು ನಮ್ಮ ಹವೆಯ ಮಾತು. ಸ್ಟ್ರಾಬೆರಿ ಎಂದರೆ ಎಲ್ಲರಿಗೂ ಮಹಾಬಳೇಶ್ವರ, ಪಂಚಗಣಿ ನೆನಪಾಗುತ್ತವೆ. ಆ ಊರುಗಳು ಸಮುದ್ರಮಟ್ಟದಿಂದ 1,300 ಮೀಟರ್ ಆಸುಪಾಸಿನ ಎತ್ತರದಲ್ಲಿವೆ. ಬೆಳಗಾವಿ ಸುಮಾರು 750 ಮೀಟರ್. ಅಷ್ಟು ಚಳಿ ನಮಗಿಲ್ಲ, ನಿಜ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ 14–15 ಡಿಗ್ರಿ ಸಾಮಾನ್ಯ, ಕೆಲವು ದಿನ ಇನ್ನೂ ಕೆಳಗೆ. ಈ ಗಿಡಕ್ಕೆ ಅದು ಸಾಕು. ಹಗಲು ಚಿಕ್ಕದಾಗಿದ್ದು ರಾತ್ರಿ ತಂಪಾದರೆ ಇದು ಹೂ ಕಟ್ಟುತ್ತದೆ. ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆಯ ಹತ್ತಿರ ಅಷ್ಟೇ, ಹಾಗಾಗಿ ಹಗಲಿನ ಚಿಂತೆ ಇಲ್ಲ. ಗಮನ ಇಡಬೇಕಾದದ್ದು ತಂಪಿನ ಮೇಲೆ. ವಿಜಯಪುರ, ಬಾಗಲಕೋಟೆಯ ಕಡೆ ಹಗಲಿನ ಬಿಸಿಲು ಜಾಸ್ತಿ, ಅಲ್ಲಿಯವರು ಮಧ್ಯಾಹ್ನದ ನೆರಳನ್ನು ಮೊದಲ ದಿನದಿಂದಲೇ ಯೋಚಿಸಬೇಕು.

ಸಸಿ ತರುವಾಗ

ಬೀಜದಿಂದ ಬೆಳೆಸಲು ಹೋಗಬೇಡಿ. ದಪ್ಪ ಹಣ್ಣಿನ ತಳಿಗಳೆಲ್ಲ ಮಿಶ್ರತಳಿಗಳು. ಬೀಜ ಹಾಕಿದರೆ ತಾಯಿಯ ಗುಣ ಬರುವುದಿಲ್ಲ. ಮೊದಲ ವರ್ಷ ನಾನು ಆನ್‌ಲೈನ್‌ನಲ್ಲಿ ಬೀಜ ತರಿಸಿದ್ದೆ. ಪೊಟ್ಟಣದ ಮೇಲೆ ಅಂಗೈಯಗಲದ ಹಣ್ಣಿನ ಚಿತ್ರ ಇತ್ತು. ಎರಡು ತಿಂಗಳು ಕಾದೆ. ಹುಟ್ಟಿದ್ದು ಯಾವುದೋ ಕಳೆ. ದುಡ್ಡಿಗಿಂತ ಹೆಚ್ಚಾಗಿ ಒಂದು ಚಳಿಗಾಲ ಕೈಬಿಟ್ಟು ಹೋಯಿತು.

ತರಬೇಕಾದದ್ದು ರನ್ನರ್ ಸಸಿ. ತಾಯಿ ಗಿಡ ನೆಲದ ಮೇಲೆ ಚಾಚುವ ಬಳ್ಳಿಯ ಗಿಣ್ಣಿನಲ್ಲಿ ಬೇರು ಬಿಟ್ಟು ಹುಟ್ಟಿದ ಮರಿ ಗಿಡ ಅದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನರ್ಸರಿಗಳಿಗೆ ಬರುತ್ತದೆ. ಗಾತ್ರ ಬೇಕಿದ್ದರೆ ಕ್ಯಾಮರೋಸಾ ಕೇಳಿ: ಹಣ್ಣು ದಪ್ಪ, ಗಟ್ಟಿ. ಬೇಗ ಹಣ್ಣು ಬೇಕು, ಸಿಹಿ ಬೇಕು ಅನ್ನುವವರಿಗೆ ಸ್ವೀಟ್ ಚಾರ್ಲಿ. ವಿಂಟರ್ ಡಾನ್ ಕೂಡ ದೊಡ್ಡ ಹಣ್ಣು ಕೊಡುತ್ತದೆ, ಬೇಗನೂ ಬರುತ್ತದೆ. ನನ್ನ ಕೇಳಿದರೆ ಅರ್ಧ ಕ್ಯಾಮರೋಸಾ, ಅರ್ಧ ಸ್ವೀಟ್ ಚಾರ್ಲಿ. ಸಸಿ ಆರಿಸುವಾಗ ಎಲೆ ನೋಡಿ ಮರುಳಾಗಬೇಡಿ, ಬುಡ ನೋಡಿ. ಎಲೆಗೂ ಬೇರಿಗೂ ನಡುವೆ ಒಂದು ಮೊಂಡಾದ ಚಿಕ್ಕ ಕಾಂಡ ಇರುತ್ತದೆ. ಅದನ್ನು ಕ್ರೌನ್ ಅನ್ನುತ್ತಾರೆ, ಗಿಡದ ನೆತ್ತಿ ಅಂತ ಇಟ್ಟುಕೊಳ್ಳಿ. ಅದು ಪೆನ್ಸಿಲ್‌ನಷ್ಟಾದರೂ ದಪ್ಪ ಇರಬೇಕು.

ಮಣ್ಣು, ಮಡಿ, ಕುಂಡ

ನಮ್ಮ ಜಿಲ್ಲೆಯಲ್ಲಿ ಮಣ್ಣು ಎರಡು ಬಗೆ. ಖಾನಾಪುರ, ಬೆಳಗಾವಿಯ ಪಶ್ಚಿಮಕ್ಕೆ ಕೆಂಪು ಮಣ್ಣು, ಸ್ವಲ್ಪ ಹುಳಿ ಗುಣದ್ದು. ಸ್ಟ್ರಾಬೆರಿಗೆ ಹೇಳಿ ಮಾಡಿಸಿದಂತಿದೆ. ಬೈಲಹೊಂಗಲ, ಗೋಕಾಕ, ಅಥಣಿಯ ಕಡೆ ಹೋದರೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಸುಣ್ಣದ ಅಂಶವೂ ಜಾಸ್ತಿ. ಈ ಗಿಡಕ್ಕೆ ಮಣ್ಣಿನ ಪಿಎಚ್ (ಹುಳಿ ಗುಣದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) 5.5ರಿಂದ 6.5ರ ಒಳಗೆ ಇರಬೇಕು. ಎರೆ ಮಣ್ಣಿನವರು ನೆಲದಲ್ಲಿ ನೆಡುವುದನ್ನು ಬಿಟ್ಟು ಕುಂಡಕ್ಕೆ ಹೋಗುವುದೇ ವಾಸಿ. ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಇದೆ. ಹೋಗಿ ಕೇಳಲು ಹಿಂಜರಿಯಬೇಡಿ.

ನೆಲದಲ್ಲಾದರೆ ಒಂದು ಗೇಣು ಎತ್ತರದ ಏರುಮಡಿ ಮಾಡಿ, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಡಿ. ಕುಂಡವಾದರೆ 10–12 ಇಂಚು ಅಗಲದ್ದು, ಒಂದಕ್ಕೆ ಒಂದೇ ಗಿಡ. ಜಾಗ ಇದೆಯಲ್ಲ ಅಂತ ಎರಡು ನೆಟ್ಟರೆ ಎರಡೂ ಗಿಡದ ಹಣ್ಣು ಸಣ್ಣದಾಗುತ್ತವೆ. ನಾನು ತುಂಬುವ ಮಿಶ್ರಣ ಹೀಗಿದೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಗೊಬ್ಬರ (ಎರೆಹುಳುವಿನ ಗೊಬ್ಬರ), ಒಂದು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪಾಲು ಮರಳು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಒಲೆ ಬೂದಿ ಹಾಕಬೇಡಿ. ಪೊಟ್ಯಾಷ್ ಸಿಗುತ್ತದೆ ಅಂತ ಬಹಳ ಮಂದಿ ಹಾಕುತ್ತಾರೆ, ಆದರೆ ಬೂದಿ ಮಣ್ಣಿನ ಹುಳಿ ಗುಣ ಕಳೆಯುತ್ತದೆ. ಮಾಳಿಗೆಯ ಮೇಲಿನ ಕುಂಡಗಳ ಕೆಳಗೆ ಎರಡೆರಡು ಇಟ್ಟಿಗೆ ಇಡಿ. ಕಾಂಕ್ರೀಟಿನ ಕಾವು ಬೇರಿಗೆ ತಟ್ಟಬಾರದು.

ನಾಟಿ: ಒಂದು ಬೆರಳಿನ ವ್ಯತ್ಯಾಸ

ಶೀಗಿ ಹುಣ್ಣಿಮೆ ಮುಗಿದು ಮಳೆ ಹಿಂದೆ ಸರಿದ ಮೇಲೆ ನೆಡಿ. ದೀಪಾವಳಿಯ ಹೊತ್ತಿಗೆ ನಾಟಿ ಮುಗಿದಿರಲಿ. ಸಂಜೆ ಹೊತ್ತು ಒಳ್ಳೆಯದು. ಇಲ್ಲಿ ಗಮನ ಪೂರ್ತಿ ನೆತ್ತಿಯ ಮೇಲಿರಬೇಕು. ನೆತ್ತಿಯ ಅರ್ಧ ಭಾಗ ಮಣ್ಣಿನ ಒಳಗೆ, ಅರ್ಧ ಹೊರಗೆ. ಪೂರ್ತಿ ಹೂಳಿದರೆ ಹೊಸ ಎಲೆ ಬರುವ ಸುಳಿ ಕೊಳೆಯುತ್ತದೆ, ಮೇಲಾಯಿತೋ ಬೇರು ಒಣಗುತ್ತದೆ. ಎರಡನೇ ವರ್ಷ ನನ್ನ ಹನ್ನೆರಡು ಸಸಿಗಳಲ್ಲಿ ಏಳು ಸತ್ತದ್ದು ಹೀಗೇ. ಭದ್ರವಾಗಿ ನಿಲ್ಲಲಿ ಅಂತ ಆಳಕ್ಕೆ ನೆಟ್ಟಿದ್ದೆ. ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ, ಹಾಗಾಗಿ ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ ಸರಿಪಡಿಸಿ.

ಹೂವು ಚಿವುಟುವ ಕೆಲಸ

ನೆಟ್ಟ ಮೂರನೇ ವಾರಕ್ಕೇ ಕೆಲವು ಗಿಡ ಬಿಳಿ ಹೂ ತೋರಿಸುತ್ತವೆ. ನೋಡಲು ಎಷ್ಟು ಚೆಂದ! ಆದರೂ ಚಿವುಟಿಬಿಡಿ. ನಾನು ಮೊದಲ ಸಲ ಚಿವುಟುವಾಗ ನಮ್ಮ ಅವ್ವ ಪಕ್ಕದಲ್ಲೇ ನಿಂತಿದ್ದಳು. ‘ಹೂವಾ ಚಿವುಟಿದರ ಹಣ್ಣ ಎಲ್ಲಿಂದ ಬರ್ತಾವೋ?’ ಅಂದಳು. ಅವಳಿಗಾಗಿ ಎರಡು ಗಿಡ ಮುಟ್ಟದೆ ಬಿಟ್ಟೆ. ಆ ಎರಡರಲ್ಲಿ ಹಣ್ಣು ಬೇಗ ಬಂತು, ಆದರೆ ಗೋಲಿಯಷ್ಟಿತ್ತು. ಉಳಿದವು ಮೂರು ವಾರ ತಡವಾಗಿ ಹಣ್ಣಾದವು. ಅವನ್ನು ತಕ್ಕಡಿಯಲ್ಲಿ ಇಟ್ಟಾಗ ಮೊದಲ ಹಣ್ಣುಗಳೆಲ್ಲ 30 ಗ್ರಾಂ ದಾಟಿದ್ದವು. ಈಗ ಹೂ ಚಿವುಟುವ ಕೆಲಸ ಅವ್ವನದೇ.

ಕಾರಣ ಇಷ್ಟೇ. ಎಳೆ ಗಿಡದ ಬಲ ಹಣ್ಣಿಗೆ ಹೋದರೆ ಬೇರು, ನೆತ್ತಿ ಬೆಳೆಯುವುದಿಲ್ಲ. ನೆತ್ತಿ ದಪ್ಪವಾದಷ್ಟೂ ಹೂವು ದೊಡ್ಡದು. ನಾಲ್ಕೈದು ವಾರ, ಅಂದರೆ ಹೊಸದಾಗಿ ಆರೇಳು ಎಲೆ ಬರುವ ತನಕ, ಹೂ ಬಿಡಲು ಬಿಡಬೇಡಿ. ಚಾಚಿ ಬರುವ ಬಳ್ಳಿಗಳನ್ನೂ ಕತ್ತರಿಸುತ್ತಿರಿ, ಹಣ್ಣು ಮುಗಿಯುವವರೆಗೂ.

ಈ ದಿನಗಳಲ್ಲಿ ವಾರಕ್ಕೊಮ್ಮೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿ ಇರುವುದು) ಲೀಟರ್ ನೀರಿಗೆ ಒಂದೆರಡು ಗ್ರಾಂ ಕರಗಿಸಿ ಬುಡಕ್ಕೆ ಕೊಡಿ. ರಾಸಾಯನಿಕ ಬೇಡ ಅನ್ನುವವರು 15 ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ನಡುವೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ನೀರು) ಕೊಡಬಹುದು. ಹೂ ಶುರುವಾದ ಮೇಲೆ ಸಾರಜನಕ ಕಡಿಮೆ ಮಾಡಿ, ಪೊಟ್ಯಾಷ್ ಹೆಚ್ಚಿಸಿ. ಆ ಮೂರರಲ್ಲಿ ಪೊಟ್ಯಾಷ್ ಮಾತ್ರ ಇರುವ 0:0:50 ಗೊಬ್ಬರ ಸಿಗುತ್ತದೆ, ಅದೇ ಪ್ರಮಾಣ ಸಾಕು. ಯೂರಿಯಾ ಮಾತ್ರ ಬೇಡ. ಎಲೆ ದಟ್ಟವಾಗಿ, ಹಣ್ಣು ಮೆತ್ತಗಾಗಿ ಕೊಳೆಯುತ್ತದೆ. ಬಾಳೆಸಿಪ್ಪೆ ನೆನೆಸಿದ ನೀರಿನಿಂದ ಹಣ್ಣು ದಪ್ಪ ಆಗುತ್ತದೆ ಅನ್ನುವ ವಿಡಿಯೋಗಳನ್ನು ನೋಡಿರುತ್ತೀರಿ, ಅಲ್ವಾ? ಆ ನೀರಲ್ಲಿ ಇರುವ ಸತ್ವ ತೀರಾ ಅಲ್ಪ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ.

ದಪ್ಪ ಹಣ್ಣಿನ ಗುಟ್ಟು ಇಲ್ಲಿದೆ

ಸ್ಟ್ರಾಬೆರಿಯ ಮೈಮೇಲೆ ಎಳ್ಳಿನಂತೆ ಕಾಣುತ್ತವಲ್ಲ, ಅವೇ ನಿಜವಾದ ಕಾಯಿಗಳು. ಒಂದೊಂದರ ಒಳಗೂ ಒಂದೊಂದು ಬೀಜ. ನಾವು ತಿನ್ನುವ ಕೆಂಪು ತಿರುಳು ಹೂವಿನ ಪೀಠ ಉಬ್ಬಿ ಆದದ್ದು. ಪರಾಗ ಬಿದ್ದು ಬಲಿತ ಪ್ರತಿ ಕಾಳೂ ಆಕ್ಸಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದರ ಸುತ್ತಲಿನ ತಿರುಳು ಉಬ್ಬುವುದು ಆಮೇಲೆ. 1950ರಲ್ಲಿ ನಿಚ್ ಎಂಬ ವಿಜ್ಞಾನಿ ಎಳೆಗಾಯಿಯ ಮೇಲಿನ ಕಾಳುಗಳನ್ನು ಸೂಕ್ಷ್ಮವಾಗಿ ತೆಗೆದು ನೋಡಿದರು. ಕಾಳು ಉಳಿದ ಜಾಗ ಮಾತ್ರ ಉಬ್ಬಿತು, ಉಳಿದದ್ದು ಬೆಳೆಯಲಿಲ್ಲ. ಕಾಳಿನ ಬದಲು ಆಕ್ಸಿನ್ ಸವರಿದಾಗ ಮತ್ತೆ ಬೆಳೆಯಿತು. ಅಂದರೆ ಒಂದು ಕಡೆ ಸೊಟ್ಟಗಾದ, ಗಂಟುಗಂಟಾದ ಹಣ್ಣು ಕಂಡರೆ ಆ ಭಾಗದ ಹೂವಿಗೆ ಪರಾಗ ಸರಿಯಾಗಿ ಸಿಕ್ಕಿಲ್ಲ ಅಂತಲೇ ಹೆಚ್ಚಾಗಿ ಅರ್ಥ.

ಈ ಹಣ್ಣಿನ ಹುಟ್ಟಿನಲ್ಲೂ ಇದೇ ಕಥೆ ಇದೆ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಅಧಿಕಾರಿ ದಪ್ಪ ಹಣ್ಣಿನ ಗಿಡಗಳನ್ನು ಚಿಲಿ ದೇಶದಿಂದ ಫ್ರಾನ್ಸಿಗೆ ತಂದರು. ಉಳಿದು ಬಂದವು ಹೆಣ್ಣು ಗಿಡಗಳು, ಹಣ್ಣು ಬಿಡಲಿಲ್ಲ. ಉತ್ತರ ಅಮೆರಿಕದ ಇನ್ನೊಂದು ಜಾತಿಯ ಗಿಡ ಪಕ್ಕದಲ್ಲಿ ಇದ್ದು, ಅದರ ಪರಾಗ ತಾಗಿದಾಗಲೇ ಹಣ್ಣಾದದ್ದು. ಆ ಬೆರಕೆಯಿಂದ ಹುಟ್ಟಿದ್ದೇ ಇವತ್ತಿನ ದಪ್ಪ ಸ್ಟ್ರಾಬೆರಿ.

ಹಾಗಾಗಿ ಜೇನುಹುಳ ಬರುವಂತೆ ಮಾಡಿ. ನಾಟಿ ಮಾಡುವಾಗಲೇ ಪಕ್ಕದಲ್ಲಿ ಒಂದಿಷ್ಟು ಗುರೆಳ್ಳು, ಕೊತ್ತಂಬರಿ ಚೆಲ್ಲಿ. ಅವು ಹೂವಾದರೆ ಜೇನು ತಾನಾಗಿ ಬರುತ್ತದೆ. ಎತ್ತರದ ಮಾಳಿಗೆಗೆ ಹುಳ ಬರದಿದ್ದರೆ ಮಕ್ಕಳ ಬಣ್ಣದ ಕುಂಚ ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ, ಇಬ್ಬನಿ ಆರಿದ ಮೇಲೆ, ಹೂವಿನ ಅಂಚಿನ ಹಳದಿ ಪರಾಗವನ್ನು ನಡುವಿನ ಗುಬುಟಿನ ಸುತ್ತಲೂ ಮೆಲ್ಲಗೆ ಸವರಿ. ತುದಿಯನ್ನೂ ಬಿಡಬೇಡಿ. ಗುಬುಟಿನ ಎಲ್ಲ ಭಾಗವೂ ಒಂದೇ ದಿನ ಹದಕ್ಕೆ ಬರುವುದಿಲ್ಲ, ಅದಕ್ಕೆ ಅದೇ ಹೂವಿಗೆ ಮೂರು ದಿನ ಹೀಗೆ ಮಾಡಿ.

ಪ್ರತಿ ಗೊಂಚಲಲ್ಲೂ ಮೊದಲು ಅರಳುವ ಹೂವೇ ದೊಡ್ಡದು, ಅದರ ಮೇಲೆ ಕಾಳುಗಳೂ ಜಾಸ್ತಿ. ಅತಿ ದಪ್ಪ ಹಣ್ಣು ಕೊಡುವುದು ಅದೇ. ಆಮೇಲಿನವು ಕ್ರಮೇಣ ಸಣ್ಣವು. ಗೊಂಚಲಿನ ಕೊನೆಯ ಪುಟ್ಟ ಮೊಗ್ಗುಗಳನ್ನು ತೆಗೆದರೆ ಉಳಿದವಕ್ಕೆ ಸ್ವಲ್ಪ ಅನುಕೂಲ, ಬಹಳ ಅಲ್ಲ. ಹಣ್ಣು ಹಿಗ್ಗಿಸುವ ಹಾರ್ಮೋನ್ ಸಿಂಪಡಣೆ ಮನೆಯ ತೋಟಕ್ಕೆ ಖಂಡಿತ ಬೇಡ.

ನೀರು, ಹೊದಿಕೆ, ಚಳಿ

ಬೇರು ಒಂದು ಗೇಣಿಗಿಂತ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಹಾಗಾಗಿ ಮೇಲ್ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ, ಎಲೆ ಹಣ್ಣು ನೆನೆಸಬೇಡಿ. ಸವಳು ನೀರನ್ನು ಈ ಗಿಡ ಸ್ವಲ್ಪವೂ ತಡೆಯುವುದಿಲ್ಲ. ಬೋರ್‌ವೆಲ್ ನೀರು ಹಾಕಿ ಎಲೆಯಂಚು ಕಂದಾಗಿ ಸುಟ್ಟಂತಾದರೆ ಉಪ್ಪಿನದೇ ಅನುಮಾನ. ಮಳೆಗಾಲದಲ್ಲಿ ಒಂದು ಡ್ರಮ್ ಮಳೆನೀರು ಹಿಡಿದಿಟ್ಟುಕೊಂಡವರಿಗೆ ಇಲ್ಲಿ ಲಾಭ.

ಗಿಡದ ಸುತ್ತ ಹೊದಿಕೆ ಬೇಕೇ ಬೇಕು. ನಮ್ಮಲ್ಲಿ ಕಬ್ಬಿನ ರವದಿಗೆ (ಒಣ ಗರಿಗೆ) ಬರವೇ? ಹೊಲದಲ್ಲಿ ಸುಮ್ನೆ ಸುಡುವ ಬದಲು ಒಂದು ಚೀಲ ತಂದು, ತುಂಡು ಮಾಡಿ, ಎರಡು ಇಂಚು ದಪ್ಪ ಹರಡಿ. ನೆತ್ತಿಗೆ ಮುಚ್ಚಬೇಡಿ. ಹಣ್ಣು ಮಣ್ಣಿಗೆ ತಾಗದಿದ್ದರೆ ಬೂದು ಬೂಷ್ಟಿನ ಕಾಟ ಅರ್ಧ ಕಡಿಮೆ. ರವದಿಯ ಕೆಳಗೆ ಬಸವನ ಹುಳು ಅಡಗುತ್ತವೆ, ರಾತ್ರಿ ಬ್ಯಾಟರಿ ಹಿಡಿದು ಆರಿಸಿ. ಎಲೆಯ ಅಡಿ ಸಣ್ಣ ಬಲೆ, ಚುಕ್ಕೆ ಕಂಡರೆ ನುಸಿ. ಬೆಳಿಗ್ಗೆ ನೀರನ್ನು ರಭಸವಾಗಿ ಎಲೆಯ ಅಡಿಗೆ ಹೊಡೆದರೆ ಶುರುವಿನಲ್ಲೇ ಹತೋಟಿಗೆ ಬರುತ್ತದೆ. ಆಗದಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಜೊತೆಗೆ ಒಂದೆರಡು ಹನಿ ಸೋಪು. ಜೇನು ಹಾರಾಡುವ ಹೊತ್ತಿನಲ್ಲಿ ಸಿಂಪಡಿಸಬೇಡಿ, ಹೂವಿಗಂತೂ ಬೇಡ.

ಹೂವಿನಿಂದ ಹಣ್ಣಿಗೆ ಸಾಮಾನ್ಯವಾಗಿ ಒಂದು ತಿಂಗಳು. ಚಳಿ ಇದ್ದಷ್ಟು ನಿಧಾನ, ನಿಧಾನವಾದಷ್ಟು ದಪ್ಪ. 2021ರಲ್ಲಿ ಇಸ್ರೇಲ್‌ನಲ್ಲಿ ಇಲಾನ್ ಎಂಬ ತಳಿಯ ಒಂದೇ ಹಣ್ಣು 289 ಗ್ರಾಂ ತೂಗಿ ಗಿನ್ನೆಸ್ ದಾಖಲೆಯಾಯಿತು. ಆ ವರ್ಷ ಜನವರಿ, ಫೆಬ್ರುವರಿಯ ಚಳಿಯಲ್ಲಿ ಅದು 45 ದಿನ ದಾಟಿ ಹಣ್ಣಾಗಿತ್ತು. ನಮ್ಮಲ್ಲೂ ಎಳ್ಳ ಅಮಾವಾಸ್ಯೆಯಿಂದ ಜನವರಿ ಕೊನೆಯವರೆಗೆ ಸಿಗುವ ಹಣ್ಣೇ ಅತಿ ದಪ್ಪ. ಫೆಬ್ರುವರಿ ನಡುವಿನಿಂದ ಮಧ್ಯಾಹ್ನಕ್ಕೆ 35 ಅಥವಾ 50 ಶೇಕಡಾ ನೆರಳಿನ ಬಲೆ ಕಟ್ಟಿದರೆ ಹೋಳಿಯವರೆಗೆ ಒಳ್ಳೆಯ ಹಣ್ಣು ಎಳೆಯಬಹುದು.

ಕೊಯ್ಲು

ಕಿತ್ತ ಮೇಲೆ ಸ್ಟ್ರಾಬೆರಿ ಸಿಹಿಯಾಗುವುದಿಲ್ಲ. ಬಣ್ಣ ಏರಬಹುದು, ರುಚಿ ಏರುವುದಿಲ್ಲ. ತೊಟ್ಟಿನ ಹತ್ತಿರದ ಬಿಳಿ ಕೂಡ ಕೆಂಪಾಗುವ ತನಕ ಕಾಯಿರಿ. ಕಾಯುವಾಗ ಪಿಕಳಾರ ಹಕ್ಕಿ, ಅಳಿಲು ಮೊದಲೇ ಬರುತ್ತವೆ, ಬಿಳಿ ಕಾಯಿ ಇರುವಾಗಲೇ ಬಲೆ ಹಾಕಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಸಿರು ಟೊಪ್ಪಿಗೆಯ ಸಮೇತ ತೊಟ್ಟು ಕತ್ತರಿಸಿ. ತೊಳೆಯುವುದು ತಿನ್ನುವ ಮುಂಚೆ ಮಾತ್ರ.

ಎರಡನೇ ವರ್ಷಕ್ಕೆ ಗಿಡದಲ್ಲಿ ನೆತ್ತಿಗಳು ಹೆಚ್ಚಾಗಿ, ಹಣ್ಣು ಹಲವು ಮತ್ತು ಸಣ್ಣ ಆಗುತ್ತವೆ. ಹೋಳಿಯ ನಂತರ ಬಲವಾದ ಎರಡು ಮೂರು ಗಿಡ ಆರಿಸಿ, ಅವುಗಳ ಬಳ್ಳಿ ಕತ್ತರಿಸುವುದನ್ನು ನಿಲ್ಲಿಸಿ. ಗಿಣ್ಣಿನ ಕೆಳಗೆ ಚಿಕ್ಕ ಕುಂಡ ಇಟ್ಟು ಬೇರು ಬಿಡಿಸಿ. ಏಪ್ರಿಲ್, ಮೇ ತಿಂಗಳನ್ನು ಮಾವಿನ ಮರದ ನೆರಳಲ್ಲಿ ಕಳೆಯಲಿ. ಬೆಳಗಾವಿಯ ಮಳೆ ಶುರುವಾದ ಮೇಲೆ ಸೂರಿನ ಕೆಳಗೆ, ಬೆಳಕು ಬೀಳುವ, ಎರಚಲು ತಾಗದ ಕಡೆ ಇಡಿ. ಶೀಗಿ ಹುಣ್ಣಿಮೆಗೆ ಸಸಿ ಮನೆಯಲ್ಲೇ ಸಿದ್ಧ.