ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಮಷಿನ್) ಅರ್ಧಕ್ಕೆ ನಿಲ್ಲುತ್ತಿದ್ದರೆ ಧೂಳಿನ ಪೈಪಿಗೆ ಅರ್ತಿಂಗ್ ಕೊಡಿ

ಧೂಳು ಎಳೆಯುವ ವ್ಯಾಕ್ಯೂಮಿನ ಪ್ಲಾಸ್ಟಿಕ್ ಪೈಪಿನೊಳಗೆ ಉದ್ದಕ್ಕೂ ಹೊದಿಕೆಯಿಲ್ಲದ ತಾಮ್ರದ ತಂತಿ ಹಾಯಿಸಿ, ಸ್ಪಿಂಡಲ್ (ಕೊರೆಯುವ ಬಿಟ್ ತಿರುಗಿಸುವ ಮೋಟರ್) ಕಡೆಯ ತುದಿಯನ್ನು ಮಷಿನ್ನಿನ ಫ್ರೇಮಿಗೆ ಬೋಲ್ಟ್ ಮಾಡಿ, ಫ್ರೇಮಿನಿಂದ 1.5 ಚದರ ಮಿ.ಮೀ. ಹಸಿರು ವೈರನ್ನು ಮೂರು ಪಿನ್ನಿನ ಅರ್ತಿಗೆ ಕೊಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಪೈಪಿಗೆ ಉಜ್ಜಿ ಕೂಡಿದ ಚಾರ್ಜ್ ಕಿಡಿಯಾಗಿ ಹಾರಿದಾಗ ಕಂಪ್ಯೂಟರಿನ ಯುಎಸ್‌ಬಿ ಸಂಪರ್ಕ ಕಡಿದು ಮಷಿನ್ ನಿಲ್ಲುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಒಣ ಹವೆಯಲ್ಲಿ ಇದು ಇನ್ನೂ ಹೆಚ್ಚು. ಫ್ರೇಮಿನ ಅನೋಡೈಸ್ ಆದ (ಆಕ್ಸೈಡ್ ಲೇಪ ಕೊಟ್ಟ) ಅಲ್ಯೂಮಿನಿಯಂ ಮೇಲ್ಪದರ ಕರೆಂಟ್ ಹಾಯಿಸುವುದಿಲ್ಲ, ಬಹಳ ಮಂದಿ ಎಡವುವುದು ಇಲ್ಲೇ. ಬೋಲ್ಟ್ ಕೂರುವ ಜಾಗ ಕೆರೆದು, ಹಲ್ಲಿನ ವಾಷರ್ ಹಾಕಿ, ಸ್ಪಿಂಡಲ್ ಬಾಡಿಯಿಂದ ಅರ್ತ್ ಪಿನ್ನಿಗೆ ಮಲ್ಟಿಮೀಟರಿನಲ್ಲಿ 1 ಓಮ್‌ಗಿಂತ ಕಡಿಮೆ ಬರುತ್ತದೆಯೇ ನೋಡಿ. ಹಳೆ ಮನೆಗಳ ಸಾಕೆಟ್ಟಿನಲ್ಲಿ ಅರ್ತ್ ವೈರೇ ಇಲ್ಲದಿದ್ದರೆ ಇದಾವುದೂ ಕೆಲಸ ಮಾಡದು. ಎಲೆಕ್ಟ್ರಿಷಿಯನ್ ಕರೆಸಿ, ಹಸಿರು ವೈರನ್ನು ನ್ಯೂಟ್ರಲ್ಲಿಗೆ ಎಂದಿಗೂ ಜೋಡಿಸಲೇಬೇಡಿ. ಪೈಪ್ ಕಳಚಿಟ್ಟರೂ ನಿಲ್ಲುತ್ತಿದ್ದರೆ ಕಾರಣ ಬೇರೆ, ಮೊದಲು ಸ್ಪಿಂಡಲ್ಲಿಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಹಾಕಿ ನೋಡಿ.