ಸೇಂಟ್ ಗ್ಯಾಲನ್ ಮಠದ ಗ್ರಂಥಾಲಯವನ್ನು ನಾನು ನೋಡಿದ ಬಗೆ

ಸಂಸ್ಕೃತ ಗ್ರಂಥಗಳಿಗೆ ಕನ್ನಡದಲ್ಲಿ ಟೀಕೆ ಬರೆದಿರುವ ಓಲೆಗರಿಗಳನ್ನು ಓದುವುದು ನನ್ನ ಕೆಲಸ. ಆದ್ದರಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಮಠದ ಗ್ರಂಥಾಲಯಕ್ಕೆ ಹೋಗುವುದು ಖಚಿತವಾದಾಗ, ಅಲ್ಲಿನ ಸಾವಿರಾರು ಹಸ್ತಪ್ರತಿಗಳಲ್ಲಿ ಟಿಪ್ಪಣಿಗಳಿಗೆ ಹೆಸರಾದ ಒಂದನ್ನೇ ಆರಿಸಿಕೊಂಡು ಸಿದ್ಧತೆ ಮಾಡಿಕೊಂಡೆ. 904ನೆಯ ಸಂಖ್ಯೆಯ ಆ ಪ್ರತಿ, 9ನೆಯ ಶತಮಾನದಲ್ಲಿ ಐರಿಷ್ ಲಿಪಿಕಾರರು ನಕಲು ಮಾಡಿದ ಪ್ರಿಸ್ಕಿಯನ್ನನ ಲ್ಯಾಟಿನ್ ವ್ಯಾಕರಣ. ಅದರ ಸಾಲುಗಳ ನಡುವೆಯೂ ಅಂಚುಗಳಲ್ಲಿಯೂ ಹಳೆಯ ಐರಿಷ್ ಭಾಷೆಯ ಮೂರು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿವೆ. ದೊಡ್ಡ ಭಾಷೆಯೊಂದರ ಶಾಸ್ತ್ರವನ್ನು ತಮ್ಮ ಮಾತಿನಲ್ಲಿ ಅರ್ಥ ಮಾಡಿಕೊಳ್ಳುತ್ತ ಹೋದವರ ಕೈಬರಹ ಅದು. ನಮ್ಮ ಟೀಕಾಕಾರರ ಶ್ರಮವನ್ನು ಬಲ್ಲವರಿಗೆ ಅದು ಪರಕೀಯವೆನಿಸುವುದಿಲ್ಲ.

ಪ್ರತಿಯ ಪುಟಗಳು ಇ-ಕೋಡಿಸಸ್ ಜಾಲತಾಣದಲ್ಲಿ ಉಚಿತವಾಗಿ ಲಭ್ಯವಿರುವುದರಿಂದ, ಮುದ್ರಿತ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಅವುಗಳನ್ನು ಮನೆಯಲ್ಲಿಯೇ ಹಿಗ್ಗಿಸಿ ನೋಡಿದೆ. ಗಾಳಿ ಭೋರ್ಗರೆಯುತ್ತಿರುವ ಈ ರಾತ್ರಿ, ಉತ್ತರದಿಂದ ಬಂದು ಸುಲಿಗೆ ಮಾಡುತ್ತಿದ್ದ ವೈಕಿಂಗರು ಕಡಲು ದಾಟಿ ಬರಲಾರರು ಎಂಬ ನೆಮ್ಮದಿಯನ್ನು ಲಿಪಿಕಾರನೊಬ್ಬ ನಾಲ್ಕು ಸಾಲಿನ ಪದ್ಯವಾಗಿ ಅಂಚಿನಲ್ಲಿ ಬರೆದಿದ್ದಾನೆ. ಆ ಪುಟವನ್ನು ದಾಟಿ ಮುಂದೆ ಹೋಗಲು ನನಗೆ ಬಹಳ ಹೊತ್ತು ಬೇಕಾಯಿತು.

ಗ್ರಂಥಾಲಯದ ಸಭಾಂಗಣ 18ನೆಯ ಶತಮಾನದ ನಡುಭಾಗದ್ದು. ಕುಸುರಿಯ ಮರದ ನೆಲ ಸವೆಯದಂತೆ ಪಾದರಕ್ಷೆಯ ಮೇಲೆ ಉಣ್ಣೆಯ ದಪ್ಪ ಚಪ್ಪಲಿ ಹಾಕಿಕೊಂಡು ನಡೆಯಬೇಕು. ಅಲ್ಲಿ ಬಂದವರೆಲ್ಲ ಚಾವಣಿಯ ಚಿತ್ರಗಳನ್ನು ನೋಡುತ್ತ ನಿಲ್ಲುತ್ತಾರೆ, ಅವು ಸುಂದರವಾಗಿಯೂ ಇವೆ. ಆದರೆ ಹಸ್ತಪ್ರತಿಗಳಲ್ಲಿ ಆಸಕ್ತಿಯುಳ್ಳವರು ಗಾಜಿನ ಪೆಟ್ಟಿಗೆಗಳ ಬಳಿಯೇ ಹೆಚ್ಚು ಸಮಯ ಕಳೆಯಬೇಕೆಂದು ನನ್ನ ಅಭಿಪ್ರಾಯ. ಅಲ್ಲಿಡುವ ಪ್ರತಿಗಳು ಆಗಾಗ ಬದಲಾಗುವುದರಿಂದ ಬೇಕಾದದ್ದೇ ಕಾಣಸಿಗುತ್ತದೆಂಬ ಭರವಸೆಯಿಲ್ಲ. ಆದರೂ ತೊಗಲಿನ ಹಾಳೆಯ ದಪ್ಪ, ಶಾಯಿಯ ಬಣ್ಣ, ಗೆರೆ ಎಳೆದ ಗುರುತು ಇವನ್ನು ಕಣ್ಣಾರೆ ಕಂಡಾಗ, ಪರದೆಯ ಮೇಲೆ ಓದಿದ ಪುಟಗಳ ನಿಜವಾದ ಗಾತ್ರ ಮನಸ್ಸಿಗೆ ಬರುತ್ತದೆ.

ಇವೆಲ್ಲ ಉಳಿದುಬಂದುದರ ಹಿಂದೆ ವಿಬೊರಾಡಾ ಎಂಬ ತಪಸ್ವಿನಿಯಿದ್ದಾಳೆ. 926ರಲ್ಲಿ ಹಂಗೇರಿಯನ್ನರು ದಂಡೆತ್ತಿ ಬಂದಾಗ ಪುಸ್ತಕಗಳನ್ನು ಮೊದಲು ಸಾಗಿಸಿರೆಂದು ಎಚ್ಚರಿಸಿದ ಆಕೆ, ತನ್ನ ಗುಹೆಯಂಥ ಕೋಣೆಯನ್ನು ಬಿಡದೆ ಅಲ್ಲಿಯೇ ಹತಳಾದಳು.

ಮಠದ ಆದರ್ಶ ವಿನ್ಯಾಸವನ್ನು ತೋರಿಸುವ, 9ನೆಯ ಶತಮಾನದ ಆರಂಭದ ನಕ್ಷೆಗಾಗಿ ಸಮಯ ಮೀಸಲಿಟ್ಟಿದ್ದೆ. ತೊಗಲಿನ ಐದು ತುಂಡುಗಳನ್ನು ಹೊಲಿದು ಮಾಡಿದ ಆ ಹಾಳೆಯನ್ನು ಬೆಳಕಿನಿಂದ ಕಾಪಾಡಬೇಕಾದ್ದರಿಂದ ಕೆಲವೇ ಕ್ಷಣ ತೋರಿಸುತ್ತಾರೆ. ಎಲ್ಲಿ ನೋಡಬೇಕೆಂದು ಮೊದಲೇ ಗೊತ್ತಿದ್ದುದರಿಂದ ಕಣ್ಣು ನೇರವಾಗಿ ಚರ್ಚಿನ ಪಕ್ಕದ ಚೌಕಕ್ಕೆ ಹೋಯಿತು: ಕೆಳಗೆ ಲಿಪಿಕಾರರ ಆಸನಗಳು, ಮೇಲೆ ಗ್ರಂಥಾಲಯ ಎಂದು ಅಲ್ಲಿ ಲ್ಯಾಟಿನ್ನಿನಲ್ಲಿ ಬರೆದಿದೆ.